ಅಪಘಾತದ ಗಾಯ, ವಿಮೆಯ ಕಾಗದ

ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ವ್ಯಾಕರಣ ತರ್ಕಗಳನ್ನು ಓದಿ, ಮುಂದೆ ಬಹುಕಾಲ ಅವುಗಳನ್ನೇ ಕಲಿಸಿದ ನಮಗೆ, ಅರವತ್ತು ದಾಟಿದ ಮೇಲೆ ಮೋಟಾರು ವಾಹನ ಕಾಯ್ದೆಯನ್ನು ಓದಬೇಕಾದೀತೆಂಬುದು ಕನಸಿನಲ್ಲಿಯೂ ಇರಲಿಲ್ಲ. 2022ರ ಕಾರ್ತಿಕ ಮಾಸದ ಒಂದು ಮುಸ್ಸಂಜೆ ಆ ಪುಸ್ತಕವನ್ನು ನಮ್ಮ ಕೈಗೆ ಕೊಟ್ಟಿತು. ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರಲ್ಲಿ ನಮ್ಮ ತಂಗಿಯ ಮನೆ. ಅವಳ ಮಗನಿಗೆ ಆಗ ಮೂವತ್ತೆಂಟು ವರ್ಷ. ತಂದೆಯಿಂದ ಬಂದ ಕುಣಿಮಗ್ಗದಲ್ಲಿ ಸೀರೆ ನೇಯುವುದು ಅವನ ಕಾಯಕ. ನೂಲು ತರಲು ಹೋದವನು ಮೋಟಾರು ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿರುವಾಗ ಹಿಂದಿನಿಂದ ಬಂದ ಗೂಡ್ಸ್ ಗಾಡಿಯೊಂದು ಬಡಿಯಿತು. ಬಲತೊಡೆಯ ಎಲುಬು ಮುರಿಯಿತು, ಮೊಣಕಾಲಿನ ಚಿಪ್ಪು ಒಡೆಯಿತು. ಜೀವ ಉಳಿಯಿತು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರಿನ ಮೇಲೆ ಮಲಗಿದ್ದ ಹುಡುಗನ ಪಕ್ಕದಲ್ಲಿ ನಿಂತು, ಕೇಸ್ ಪೇಪರು ಬರೆಯುತ್ತಿದ್ದವರು "ಹೇಗಾಯಿತು?" ಎಂದು ಕೇಳಿದಾಗ, ಅವನ ಕಾಕಾ ಕೊಟ್ಟ ಉತ್ತರ ಒಂದೇ ಸಾಲಿನದು: "ಗಾಡಿ ಜಾರಿ ತಾನ ಬಿದ್ದಾನ್ರೀ." ಆತ ಕೆಟ್ಟ ಮನುಷ್ಯನಲ್ಲ. ನಿಜ ಹೇಳಿದರೆ ಪೊಲೀಸರು ಬರುತ್ತಾರೆ, ಪೊಲೀಸರು ಬರುವ ತನಕ ವೈದ್ಯರು ಕೈ ಹಚ್ಚುವುದಿಲ್ಲ ಎಂಬ ಹಳೆಯ ಭಯ ಆತನಿಗೆ. ಅಷ್ಟರಲ್ಲಿ ಗೂಡ್ಸ್ ಗಾಡಿಯ ಮಾಲೀಕನೂ ಬಂದಿದ್ದ. ಪಕ್ಕದೂರಿನವನು, ಮದುವೆ ಮುಂಜಿಗಳಲ್ಲಿ ಕಂಡ ಮುಖ. "ಖರ್ಚು ನಾ ನೋಡ್ಕೊಂತೀನಿ, ಕೇಸು ಮಾತ್ರ ಬ್ಯಾಡ್ರೀ" ಎಂದು ಕೈಮುಗಿದು ಇಪ್ಪತ್ತು ಸಾವಿರ ರೂಪಾಯಿ ಇಟ್ಟುಹೋದ. ಹನ್ನೊಂದನೆಯ ದಿನಕ್ಕೆ ಆಸ್ಪತ್ರೆಯ ಬಿಲ್ಲು ಎರಡು ಲಕ್ಷ ದಾಟಿತು. ಮಾಲೀಕನ ಫೋನು ಎತ್ತುವವರಿಲ್ಲದೆ ಹೋಯಿತು. ಆಗ ನಮಗೆ ಹೇಳಿಕಳಿಸಿದರು. ದೂರು ದಾಖಲಾದದ್ದು ಹನ್ನೊಂದನೆಯ ದಿನ.

ಆ ಒಂದು ಸಾಲು, ಆ ಹನ್ನೊಂದು ದಿನ: ಇವೆರಡು ಮುಂದೆ ಎರಡೂವರೆ ವರ್ಷ ನಮ್ಮ ಬೆನ್ನು ಬಿಡಲಿಲ್ಲ. ವಿಮಾ ಕಂಪನಿಯ ವಕೀಲರು ನ್ಯಾಯಮಂಡಳಿಯಲ್ಲಿ ಎದ್ದು ನಿಂತಾಗಲೆಲ್ಲ ಆಸ್ಪತ್ರೆಯ ಆ ಹಾಳೆಯನ್ನೇ ಎತ್ತಿ ತೋರಿಸಿದರು. ತಾನೇ ಬಿದ್ದವನೆಂದು ಇವರ ಕಡೆಯವರೇ ಬರೆಸಿದ್ದಾರೆ. ಗಾಡಿಯನ್ನು ಆಮೇಲೆ ಯೋಚಿಸಿ ಸೇರಿಸಿದ್ದಾರೆ. ಇಲ್ಲದಿದ್ದರೆ ಹನ್ನೊಂದು ದಿನ ಏಕೆ ಸುಮ್ಮನಿದ್ದರು? ಅವರ ಪ್ರಶ್ನೆಯನ್ನು ತಪ್ಪೆನ್ನಲು ನಮಗೆ ನಾಲಗೆ ಬರಲಿಲ್ಲ. ಇದೇ ರೀತಿಯಲ್ಲಿ ಗಾಡಿಗಳನ್ನು ತಂದು ಜೋಡಿಸಿ ಹಣ ಪಡೆದವರೂ ಈ ನಾಡಿನಲ್ಲಿ ಇದ್ದಾರೆ. ಕಂಪನಿಯ ಬೊಕ್ಕಸದಲ್ಲಿರುವುದು ಆಕಾಶದಿಂದ ಉದುರಿದ ಹಣವಲ್ಲ, ವಾಹನ ಇಟ್ಟುಕೊಂಡ ನಮ್ಮ ನಿಮ್ಮೆಲ್ಲರ ಕಂತಿನ ಹಣ. ಅದನ್ನು ಕಾಯುವವರು ಸಂಶಯಪಡುವುದು ಸಹಜ. ಆದರೆ ಭಯದಿಂದ ಆಡಿದ ಸುಳ್ಳಿಗೂ ಆಸೆಯಿಂದ ಆಡಿದ ಸುಳ್ಳಿಗೂ ಕಾಗದದ ಮೇಲೆ ಒಂದೇ ಬಣ್ಣ.

ಓದುಗ ಬಂಧುಗಳು ತಿಳಿದಿರಬೇಕಾದದ್ದು ಇಷ್ಟು. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ವಿಧಿ, ಇದು ಕಾನೂನು. ಅಪಘಾತ ಪ್ರಕರಣವೆಂದು ಆಸ್ಪತ್ರೆಯವರೇ ಠಾಣೆಗೆ ತಿಳಿಸುತ್ತಾರೆ. ದಾರಿಹೋಕರು ಗಾಯಾಳುವನ್ನು ತಂದು ಸೇರಿಸಿದರೆ ಅವರನ್ನು ಹಿಡಿದು ನಿಲ್ಲಿಸುವಂತಿಲ್ಲ, ಸಾಕ್ಷಿ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 2019ರ ತಿದ್ದುಪಡಿ ಅಂಥವರಿಗೆ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದು ಕಟ್ಟದೆ ಚಿಕಿತ್ಸೆ ದೊರೆಯಬೇಕು. ಅದು ರಸ್ತೆ ಅಪಘಾತವೆಂದು ದಾಖಲಾದರೆ ಮಾತ್ರ ಈ ಸೌಲಭ್ಯ. ಹುಡುಗನ ಕಾಕಾ ಆಡಿದ ಮಾತನ್ನು ಇಂದು ಆಡಿದರೆ ಆ ಬಾಗಿಲನ್ನೂ ನಾವೇ ಮುಚ್ಚಿಕೊಂಡಂತೆ.

ನಮ್ಮ ಪಾಲಿಗೆ ಒದಗಿದ್ದು ಮೂರು. ಹುಡುಗನನ್ನು ಎತ್ತಿ ತಂದದ್ದು 108ರ ವಾಹನ. ಅದರ ದಾಖಲೆಯಲ್ಲಿ ಸ್ಥಳ, ಸಮಯ, ಎರಡು ವಾಹನಗಳ ಡಿಕ್ಕಿ ಎಂದು ಬರೆದಿತ್ತು. ರಸ್ತೆಯ ಬದಿಯಲ್ಲಿ ಚಹಾದ ಗೂಡಂಗಡಿ ಇಟ್ಟವನು ಕಣ್ಣಾರೆ ಕಂಡದ್ದನ್ನು ನ್ಯಾಯಾಲಯಕ್ಕೆ ಬಂದು ಹೇಳಿದ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಸೈಕಲ್ಲಿನ ಹಿಂಬದಿ ನುಜ್ಜಾದದ್ದೂ ಗೂಡ್ಸ್ ಗಾಡಿಯ ಮುಂಬದಿಯ ಎಡ ಮೂಲೆ ತಗ್ಗಿದ್ದೂ ನಮೂದಾಗಿತ್ತು. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣತ್ರಯವನ್ನು ಹುಡುಗರಿಗೆ ಉರು ಹೊಡೆಸುವಾಗ ಹೊಗೆ ಬೆಂಕಿಗಳ ಉದಾಹರಣೆಯನ್ನೇ ಕೊಡುತ್ತಿದ್ದೆವು. ಜಾರಿ ಬಿದ್ದ ಗಾಡಿ ಹಿಂದಿನಿಂದ ನುಜ್ಜಾಗುವುದುಂಟೆ ಎಂಬುದು ಅದಕ್ಕಿಂತ ಒಳ್ಳೆಯ ಉದಾಹರಣೆಯೆಂದು ನ್ಯಾಯಾಲಯದ ಬೆಂಚಿನ ಮೇಲೆ ಕುಳಿತಾಗ ಹೊಳೆಯಿತು.

ಮೂರನೆಯವನ ಹಕ್ಕು

ನಮ್ಮ ಅನೇಕ ಮನೆತನಗಳಲ್ಲಿ ಪರಿಹಾರ ಕೇಳುವುದೆಂದರೆ ಸಂಕೋಚ. ದುಡಿದು ಉಣ್ಣಬೇಕೆಂಬ ಸಂಪ್ರದಾಯದಲ್ಲಿ ಬೆಳೆದವರು ಬಿದ್ದ ಮೈಗೆ ಬೆಲೆ ಕಟ್ಟುವುದು ಹೇಗೆಂದು ನಮ್ಮ ತಂಗಿಯೇ ಕೇಳಿದಳು. "ಅಣ್ಣಾ, ಇದು ಬೇಡಿ ತಿಂದಂಗ ಆಗೂದಿಲ್ಲೇನು?" ಆಗುವುದಿಲ್ಲ. ರಸ್ತೆಗೆ ಇಳಿಯುವ ವಾಹನಕ್ಕೆ ವಿಮೆ ಕಡ್ಡಾಯವೆಂದು 1988ರ ಕಾಯ್ದೆ ವಿಧಿಸಿರುವುದೇ ಈ ದಿನಕ್ಕಾಗಿ. ವಿಮೆಯ ಒಪ್ಪಂದದಲ್ಲಿ ಮೊದಲನೆಯವನು ವಾಹನದ ಮಾಲೀಕ, ಎರಡನೆಯದು ಕಂಪನಿ, ಮೂರನೆಯವನು ಒಪ್ಪಂದದಲ್ಲಿ ಹೆಸರೂ ಇಲ್ಲದ, ರಸ್ತೆಯಲ್ಲಿ ಗಾಯಗೊಂಡ ಮನುಷ್ಯ. ಥರ್ಡ್ ಪಾರ್ಟಿ ಎಂದು ಎಲ್ಲರ ಬಾಯಲ್ಲಿರುವ ಮಾತಿನ ಅರ್ಥ ಅದು. ಮಾಲೀಕ ಕಟ್ಟಿದ ಕಂತು ಈ ಮೂರನೆಯವನಿಗಾಗಿಯೇ ಕಟ್ಟಿದ್ದು. ಅದನ್ನು ಕೇಳುವುದು ಭಿಕ್ಷೆಯಲ್ಲ, ಬಾಕಿ.

ಕೇಳುವ ಸ್ಥಳ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಬೇರೆ ಕಟ್ಟಡವನ್ನು ಹುಡುಕಬೇಕಿಲ್ಲ. ಜಿಲ್ಲಾ ಕೇಂದ್ರದ, ಹಲವೆಡೆ ತಾಲ್ಲೂಕಿನ, ನ್ಯಾಯಾಧೀಶರೇ ಈ ಮಂಡಳಿಯಾಗಿಯೂ ಕೆಲಸ ಮಾಡುತ್ತಾರೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಈ ಹೊಣೆ. ಅಪಘಾತ ಎಲ್ಲಿಯೇ ನಡೆದಿರಲಿ, ಗಾಯಾಳು ತಾನು ವಾಸಿಸುವ ಊರಿನ ವ್ಯಾಪ್ತಿಯ ಮಂಡಳಿಯಲ್ಲಿ ಅರ್ಜಿ ಹಾಕಬಹುದು. ಶ್ರೀಶೈಲದ ದಾರಿಯಲ್ಲಿ ಪೆಟ್ಟು ತಿಂದವನು ಆಂಧ್ರಕ್ಕೆ ಅಲೆಯಬೇಕಿಲ್ಲ.

ಕಾಲದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1994ರಿಂದ ಬಹುಕಾಲ ಅರ್ಜಿಗೆ ಕಾಲಮಿತಿ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅರ್ಜಿ ಹಾಕಿದವರುಂಟು. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕೆಂದು ವಿಧಿಸಿತು. ಈ ಮಿತಿಯನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದಾರೆ. ಆ ವಾದವನ್ನು ವಕೀಲರಿಗೆ ಬಿಟ್ಟು, ಮನೆಯವರು ಆರು ತಿಂಗಳನ್ನೇ ಲಕ್ಷ್ಮಣರೇಖೆಯೆಂದು ತಿಳಿಯುವುದು ಲೇಸು. ನಾವು ಅರ್ಜಿ ಹಾಕಿದ್ದು ಐದನೆಯ ತಿಂಗಳಿನಲ್ಲಿ, ಏದುಸಿರು ಬಿಡುತ್ತ.

ಅದೇ ದಿನದಿಂದ ಜಾರಿಗೆ ಬಂದ ನಿಯಮಗಳು ಪೊಲೀಸರಿಗೂ ಕೆಲಸ ಹೇಳಿವೆ. ಅಪಘಾತ ತಿಳಿದ 48 ಗಂಟೆಗಳೊಳಗೆ ಮೊದಲ ವರದಿ, 50 ದಿನಗಳೊಳಗೆ ಮಧ್ಯಂತರ ವರದಿ, 90 ದಿನಗಳೊಳಗೆ ಸವಿಸ್ತಾರ ವರದಿ, ಹೀಗೆ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಅವರೇ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಮಂಡಳಿ ಪರಿಗಣಿಸಬಹುದು. ಗ್ರಂಥದಲ್ಲಿ ಹೀಗಿದೆ. ಠಾಣೆಯಲ್ಲಿ ಎಲ್ಲವೂ ಗ್ರಂಥದಂತೆ ನಡೆದೀತೆಂದು ನಂಬಿ ಮನೆಯಲ್ಲಿ ಕೂಡುವಂತಿಲ್ಲ. ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು ಮತ್ತು ನಕ್ಷೆ, ಗಾಯದ ಪ್ರಮಾಣಪತ್ರ, ದೋಷಾರೋಪಣಾ ಪಟ್ಟಿ ಇವುಗಳ ಪ್ರತಿಗಳನ್ನು ಕೇಳಿ ಪಡೆಯಬೇಕು, ಪಡೆದು ಓದಬೇಕು. ನಮ್ಮ ಹುಡುಗನ ಮಹಜರಿನಲ್ಲಿ ದಿಕ್ಕೇ ತಪ್ಪಾಗಿತ್ತು: ಪೂರ್ವದಿಂದ ಬಂದವನನ್ನು ಪಶ್ಚಿಮದಿಂದ ತಂದಿದ್ದರು. ಆರಂಭದಲ್ಲಿಯೇ ಕಂಡದ್ದರಿಂದ ಸರಿಪಡಿಸಿಕೊಂಡೆವು.

ಆಸ್ಪತ್ರೆಯ ಓಣಿಯಲ್ಲಿ ಬಂದ ಗೃಹಸ್ಥರು

ಹುಡುಗ ಇನ್ನೂ ಹಾಸಿಗೆಯಲ್ಲಿರುವಾಗ, ವಿಮಾ ಕಂಪನಿಯ ಕಡೆಯವರೆಂದು ಹೇಳಿಕೊಂಡ ಒಬ್ಬ ಗೃಹಸ್ಥರು ಬಂದರು. ಬಹಳ ಮೃದು ಮಾತಿನವರು, ಎಳನೀರು ತಂದಿದ್ದರು. ತಮಗೆ ವಿಚಾರಣೆಯ ಕೆಲಸ, ನಾಲ್ಕು ಮಾತು ಕೇಳಿ ಬರೆದುಕೊಳ್ಳುತ್ತೇನೆ, ಕೆಳಗೆ ಒಂದು ಸಹಿ ಸಾಕು ಎಂದರು. ನಮ್ಮ ತಂಗಿ ಪೆನ್ನು ಹಿಡಿದಿದ್ದಳು. ಕಾಗದ ಮೂರಿದ್ದವು. ಒಂದರಲ್ಲಿ ಇಂಗ್ಲಿಷಿನ ಹೇಳಿಕೆ, ಇನ್ನೊಂದರಲ್ಲಿ ಅರವತ್ತು ಸಾವಿರ ರೂಪಾಯಿಗೆ ಪೂರ್ಣ ಮತ್ತು ಅಂತಿಮವಾಗಿ ಒಪ್ಪಿದ್ದೇನೆಂಬ ಒಕ್ಕಣೆ, ಮೂರನೆಯದು ಖಾಲಿ. ನಾವು ಕನ್ನಡಕ ಹಾಕಿಕೊಂಡು ಓದತೊಡಗಿದಂತೆ ಅವರಿಗೆ ಬಸ್ಸಿನ ಹೊತ್ತಾಯಿತು.

ರಾಜಿಯೇ ಕೂಡದೆಂದು ನಾವು ಹೇಳುವುದಿಲ್ಲ. ತಿದ್ದುಪಡಿಯಾದ ಕಾಯ್ದೆಯ 149ನೆಯ ಕಲಮಿನಂತೆ, ಅಪಘಾತದ ಮಾಹಿತಿ ಬಂದೊಡನೆ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಆತ 30 ದಿನಗಳೊಳಗೆ ನ್ಯಾಯಮಂಡಳಿಯ ಮುಂದೆ ರಾಜಿಯ ಮೊತ್ತವನ್ನು ತಿಳಿಸಬೇಕು. ಗಾಯಾಳು ಒಪ್ಪಿದರೆ ಮಂಡಳಿಯೇ ಅದನ್ನು ದಾಖಲಿಸುತ್ತದೆ. ನ್ಯಾಯಾಧೀಶರ ಕಣ್ಣಿನ ಕೆಳಗೆ ನಡೆಯುವ ಈ ರಾಜಿಗೂ ಆಸ್ಪತ್ರೆಯ ಓಣಿಯಲ್ಲಿ ಎಳನೀರಿನೊಡನೆ ಬರುವ ರಾಜಿಗೂ ಅಂತರ ಬಹಳ. ಲೋಕ ಅದಾಲತ್ತೂ ಒಳ್ಳೆಯ ಮಾರ್ಗವೇ, ಖರ್ಚು ಉಳಿಯುತ್ತದೆ, ಹಣ ಬೇಗ ಬರುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಎಲುಬು ಕೂಡುವ ಮೊದಲೇ, ಕಾಲು ಎಷ್ಟು ಮಡಿಚೀತೆಂದು ವೈದ್ಯರಿಗೇ ತಿಳಿಯುವ ಮೊದಲೇ ಒಪ್ಪಿಕೊಂಡವರು ಆಮೇಲೆ ಹಲುಬಿದ್ದನ್ನು ಕಂಡಿದ್ದೇವೆ. ತೊಡೆಯೊಳಗೆ ಕೂಡಿಸಿದ ರಾಡನ್ನು ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದರೆ ಅದರ ವೆಚ್ಚವನ್ನೂ ಈಗಲೇ ಕೇಳಬೇಕು. ಎರಡನೆಯ ಸಲ ಕೇಳಲು ಅವಕಾಶ ಸಿಕ್ಕದು.

ಇನ್ನೊಬ್ಬ ಹಿತೈಷಿಯ ಸಲಹೆಯನ್ನೂ ಹೇಳಿಬಿಡುತ್ತೇವೆ. ಗೂಡ್ಸ್ ಗಾಡಿಯ ಚಾಲಕನ ಲೈಸೆನ್ಸು ಅವಧಿ ಮೀರಿತ್ತು. ಲೈಸೆನ್ಸು ಸರಿಯಿರುವ ಮಾಲೀಕನ ತಮ್ಮನೇ ಗಾಡಿ ನಡೆಸುತ್ತಿದ್ದನೆಂದು ಬರೆಸಿದರೆ ಕಂಪನಿ ತಪ್ಪಿಸಿಕೊಳ್ಳಲಾರದು, ನಿಮಗೂ ಲಾಭ ಅವರಿಗೂ ಲಾಭ ಎಂದು ಆತ ಹೇಳಿದ. ಮೊದಲ ಸುಳ್ಳಿನ ರುಚಿಯನ್ನು ಉಣ್ಣುತ್ತಿದ್ದ ಹುಡುಗ ಮಲಗಿದಲ್ಲಿಂದಲೇ, "ಮಾಮಾ, ಅದೊಂದು ಬ್ಯಾಡ" ಎಂದ. ಅದು ಬೇಕಾಗಿಯೂ ಇರಲಿಲ್ಲ. ಲೈಸೆನ್ಸಿನ ದೋಷ ಕಂಪನಿಗೂ ಮಾಲೀಕನಿಗೂ ನಡುವಣ ಜಗಳ; ಇಂಥ ಸಂದರ್ಭಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ಆಜ್ಞೆಯಾಗುವ ಮಾರ್ಗವನ್ನು 2004ರಲ್ಲಿಯೇ ಸುಪ್ರೀಂ ಕೋರ್ಟು ತೋರಿಸಿದೆ. ನಮ್ಮ ಮಂಡಳಿಯೂ ಹಾಗೆಯೇ ಮಾಡಿತು.

ಶೇಕಡಾ ಎಷ್ಟು?

ಈಗ ಈ ಲೇಖನ ಬರೆಯಲು ನಮ್ಮನ್ನು ನಿಜವಾಗಿ ಪ್ರೇರಿಸಿದ ವಿಷಯಕ್ಕೆ ಬರುತ್ತೇವೆ. ವೈದ್ಯರು ಕೊಟ್ಟ ಪ್ರಮಾಣಪತ್ರದಲ್ಲಿ ಬಲಗಾಲಿನ ಶಾಶ್ವತ ನ್ಯೂನತೆ ಶೇಕಡಾ 42 ಎಂದಿತ್ತು. ಕೈಕಾಲುಗಳ ನ್ಯೂನತೆಯ ಮೂರನೆಯ ಒಂದು ಭಾಗವನ್ನು ಇಡೀ ದೇಹದ ನ್ಯೂನತೆಯೆಂದು ಹಿಡಿಯುವುದು ನಮ್ಮ ನಾಡಿನ ಮಂಡಳಿಗಳಲ್ಲಿ ರೂಢಿಯಾಗಿದೆ. ಹಾಗೆ 42 ಹೋಗಿ 14 ಆಯಿತು. ಹುಡುಗನ ದುಡಿಮೆಯಲ್ಲಿ ಶೇಕಡಾ 14 ಮಾತ್ರ ನಷ್ಟ, ಉಳಿದ 86 ಹಾಗೆಯೇ ಇದೆ ಎಂಬುದು ಕಂಪನಿಯ ವಾದ.

ಕುಣಿಮಗ್ಗವನ್ನು ಕಂಡವರು ಈ ಲೆಕ್ಕಕ್ಕೆ ನಕ್ಕಾರು. ನೆಲದಲ್ಲಿ ತೋಡಿದ ಕುಣಿಯ ಅಂಚಿನಲ್ಲಿ ನೇಕಾರ ಕೂಡುತ್ತಾನೆ; ಎರಡೂ ಕಾಲುಗಳು ಕುಣಿಯೊಳಗೆ ಇಳಿದಿರುತ್ತವೆ; ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿದರೆ ಹಾಸಿನ ಎಳೆಗಳು ಮೇಲೆ ಕೆಳಗಾಗಿ ಬಾಯಿ ತೆರೆಯುತ್ತವೆ, ಆ ಬಾಯಲ್ಲಿ ಲಾಳಿ ಹರಿಯುತ್ತದೆ. ದಿನಕ್ಕೆ ಸಾವಿರಾರು ಸಲ ತುಳಿಯಬೇಕು. ಮೊಣಕಾಲು ಮಡಿಚದವನು ಕುಣಿಯಲ್ಲಿ ಇಳಿಯಲಾರ, ಇಳಿದರೆ ಏಳಲಾರ. ಅವನ ಎರಡು ಕೈಗಳೂ ಕಣ್ಣೂ ನೆಟ್ಟಗಿದ್ದು ಏನು ಫಲ? ಶರೀರದ ಶೇಕಡಾ 14 ಹೋದರೆ ಕಾಯಕವೇ ಹೋಯಿತು.

ಇದೇ ಮಾತನ್ನು ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲಿ, ರಾಜಕುಮಾರ್ ವಿರುದ್ಧ ಅಜಯಕುಮಾರ್ ಎಂಬ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆಯೆಂದು ನಮ್ಮ ವಕೀಲರು ತೋರಿಸಿಕೊಟ್ಟರು. ದೇಹದ ನ್ಯೂನತೆಯ ಶೇಕಡಾವಾರು ಬೇರೆ, ದುಡಿಯುವ ಶಕ್ತಿಯ ನಷ್ಟದ ಶೇಕಡಾವಾರು ಬೇರೆ. ಎರಡನ್ನೂ ಒಂದೆಂದು ಯಾಂತ್ರಿಕವಾಗಿ ಹಿಡಿಯಬಾರದು. ಎಡಗೈ ಕತ್ತರಿಸಿಹೋದರೆ, ಆತ ಬಡಗಿಯೋ ಚಾಲಕನೋ ಆಗಿದ್ದರೆ ನಷ್ಟ ಬಹುತೇಕ ಪೂರ್ಣ. ಅದೇ ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿದೀತು, ನಷ್ಟ ಅಷ್ಟಿರದು. ಆದ್ದರಿಂದ ಮೊದಲು ಕೇಳಬೇಕಾದದ್ದು, ಈ ಮನುಷ್ಯ ಏನು ಮಾಡಿಕೊಂಡಿದ್ದ, ಈಗ ಅದನ್ನು ಮಾಡಬಲ್ಲನೆ, ಬೇರೆ ಏನಾದರೂ ಮಾಡಬಲ್ಲನೆ ಎಂದು. ಮನುಷ್ಯನನ್ನು ಅವನ ಕಾಯಕದಿಂದ ಅಳೆಯುವ ಈ ಪ್ರಶ್ನೆ ನ್ಯಾಯಪೀಠದಿಂದ ಬಂದದ್ದನ್ನು ಓದಿ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಆದರೆ ನ್ಯಾಯಾಧೀಶರು ಕುಣಿಮಗ್ಗವನ್ನು ಕಂಡಿರಬೇಕೆಂದಿಲ್ಲ. ಅವರಿಗೆ ಕಾಣಿಸುವುದು ನಮ್ಮ ಕೆಲಸ. ಮಗ್ಗದ ಛಾಯಾಚಿತ್ರಗಳನ್ನು ತೆಗೆಸಿದೆವು, ನೇಯುವವರು ಕುಳಿತಂತೆ ಒಂದು, ಬರಿಯ ಕುಣಿ ಒಂದು. ನೇಕಾರರ ಸಹಕಾರಿ ಸಂಘದ ಪುಸ್ತಕದಿಂದ ಮೂರು ವರ್ಷದ ಮಜೂರಿಯ ಲೆಕ್ಕ ತೆಗೆಸಿದೆವು. ಪ್ರಮಾಣಪತ್ರ ಕೊಟ್ಟ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಿ, ಮೊಣಕಾಲು ಎಷ್ಟು ಮಡಿಚುತ್ತದೆ, ಕುಣಿಯಲ್ಲಿ ಕೂಡುವುದು ಸಾಧ್ಯವೆ ಎಂದು ನೇರವಾಗಿ ಕೇಳಿಸಿದೆವು. ಪ್ರಮಾಣಪತ್ರವನ್ನು ಕಡತಕ್ಕೆ ಹಚ್ಚಿ ಕೈತೊಳೆದುಕೊಳ್ಳುವ ವಕೀಲರು ಬಹಳ. ವೈದ್ಯರನ್ನು ಕರೆಸದ ಪ್ರಮಾಣಪತ್ರಕ್ಕೆ ಮಂಡಳಿಯಲ್ಲಿ ತೂಕ ಕಡಿಮೆ.

ಶೇಕಡಾವಾರು ಮೊತ್ತವನ್ನು ಹೇಗೆ ಏರಿಳಿಸುತ್ತದೆಂಬುದಕ್ಕೆ ಒಂದು ಲೆಕ್ಕ. ತಿಂಗಳಿಗೆ 12,000 ರೂಪಾಯಿ ಗಳಿಕೆಯೆಂದು ಇಟ್ಟುಕೊಳ್ಳೋಣ, ವರ್ಷಕ್ಕೆ 1,44,000. ಇದನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ. 2009ರ ತೀರ್ಪಿನಂತೆ 36ರಿಂದ 40 ವಯಸ್ಸಿನವರಿಗೆ ಗುಣಕ 15, ಎಳೆಯರಿಗೆ ಹೆಚ್ಚು, 18ರ ತನಕ, ವೃದ್ಧರಿಗೆ ಕಡಿಮೆ. ಆಗ 21,60,000 ಆಯಿತು. ಅದರಲ್ಲಿ ಶೇಕಡಾ 14 ಎಂದರೆ 3,02,400 ರೂಪಾಯಿ. ಶೇಕಡಾ 40 ಎಂದರೆ 8,64,000. ಅದೇ ಕಾಲು, ಅದೇ ಮನುಷ್ಯ. ಇದರ ಮೇಲೆ, ಸ್ವಂತ ಉದ್ಯೋಗದವನು ನಲವತ್ತರೊಳಗಿನವನಾದರೆ ಮುಂದಿನ ದಿನಗಳಲ್ಲಿ ಹೆಚ್ಚಬಹುದಾಗಿದ್ದ ಗಳಿಕೆಗೆಂದು ಆದಾಯಕ್ಕೆ ಶೇಕಡಾ 40 ಸೇರಿಸಬೇಕೆಂದು 2017ರಲ್ಲಿ ಸಂವಿಧಾನ ಪೀಠ ಹೇಳಿತು. ಮರಣದ ಪ್ರಕರಣಗಳಿಗೆಂದು ಹೇಳಿದ್ದನ್ನು ದುಡಿಮೆ ಕುಂದಿದ ಗಾಯಾಳುಗಳಿಗೂ ಅನ್ವಯಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಇದನ್ನು ಕೇಳದೆ ಬಿಟ್ಟ ಅರ್ಜಿಗಳು ಎಷ್ಟೋ.

ಚಿಕಿತ್ಸೆಯ ವೆಚ್ಚ, ಓಡಾಟ, ಪಥ್ಯದ ಆಹಾರ, ನೋಡಿಕೊಂಡವರ ದುಡಿಮೆಯ ನಷ್ಟ, ನೋವು ಸಂಕಟ, ಬಾಳಿನ ಸುಖಗಳ ನಷ್ಟ ಇವೆಲ್ಲಕ್ಕೂ ಬೇರೆ ಬೇರೆ ಶೀರ್ಷಿಕೆಗಳಿವೆ. ಬಿಲ್ಲುಗಳ ಮೂಲಪ್ರತಿ ಇಡಬೇಕು ಎಂಬಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಮನೆಯೊಡತಿಯರ ಮಾತನ್ನು ಮಾತ್ರ ಬಿಡಲಾರೆವು. "ಅಕೀಗೆ ಗಳಿಕಿ ಏನೈತಿ, ಮನ್ಯಾಗ ಇರ್ತಾಳ" ಎಂದು ಗಂಡಂದಿರೇ ಹೇಳಿಕೆ ಕೊಡುತ್ತಾರೆ. ಅದನ್ನೇ ಕಂಪನಿ ಬರೆದುಕೊಳ್ಳುತ್ತದೆ. ಅಡಿಗೆ, ನೀರು, ಮಕ್ಕಳು, ಮುಪ್ಪಿನವರ ಸೇವೆ, ಹೊಲದ ಕೆಲಸ ಇವಕ್ಕೆ ಸಂಬಳದ ಚೀಟಿ ಇಲ್ಲವೆಂದ ಮಾತ್ರಕ್ಕೆ ಬೆಲೆ ಇಲ್ಲವೆಂದಲ್ಲ. ಗೃಹಿಣಿಯ ದುಡಿಮೆಗೂ ಆದಾಯವನ್ನು ಅಂದಾಜಿಸಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೂ ಮತ್ತೆ 2021ರಲ್ಲಿಯೂ ಹೇಳಿದೆ. ಕೂಲಿಕಾರರಂತೆ ಲೆಕ್ಕಪತ್ರವಿಲ್ಲದವರಿಗೆ ವರ್ಷವಾರು ಅಂದಾಜು ಆದಾಯದ ಪಟ್ಟಿಯೊಂದನ್ನು ರಾಜ್ಯದ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್ತಿಗಾಗಿ ಮಾಡಿಟ್ಟಿದೆ. ನ್ಯಾಯಾಲಯಗಳೂ ಅದನ್ನು ನೋಡುತ್ತವೆ.

ಜಾತ್ರೆಯ ಟ್ರ್ಯಾಕ್ಟರು

ನಮ್ಮ ಸಮಾಜದ ಭಕ್ತರಿಗೆ ಬಹಳ ಹತ್ತಿರದ ಒಂದು ವಿಷಯವಿದೆ. ಜಾತ್ರೆ, ತೇರು, ಮದುವೆಗಳಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ಮೂವತ್ತು ನಲವತ್ತು ಜನ ಕುಳಿತು ಹಾಡುತ್ತ ಹೋಗುವುದು ಉತ್ತರ ಕರ್ನಾಟಕದಲ್ಲಿ ವಾಡಿಕೆ. ಅದು ಉರುಳಿದರೆ? ಕೃಷಿಗೆಂದು ಮಾಡಿಸಿದ ವಿಮೆ, ಸರಕು ಸಾಗಿಸುವ ವಾಹನ. ಅದರಲ್ಲಿ ಪುಕ್ಕಟೆ ಕುಳಿತ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ತೀರ್ಮಾನಿಸಿದೆ. ಆಗ ಹೊಣೆ ಟ್ರ್ಯಾಕ್ಟರಿನ ಮಾಲೀಕನ ತಲೆಗೆ. ಪುಣ್ಯದ ಕೆಲಸವೆಂದು ಗಾಡಿ ಕೊಟ್ಟ ರೈತ, ಅದೇ ಊರಿನ ಅದೇ ದೇವರ ಭಕ್ತ, ಪರಿಹಾರದ ಹಣವನ್ನು ತನ್ನ ಹೊಲದಿಂದ ತೆರಬೇಕು. ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಗಾಯಗೊಂಡವನೂ ಹಣ ಕಾಣುವುದಿಲ್ಲ, ಕೊಟ್ಟವನೂ ಉಳಿಯುವುದಿಲ್ಲ, ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಮಠಗಳ ಜಾತ್ರಾ ಸಮಿತಿಯವರು ಬಾಡಿಗೆಯ ಬಸ್ಸುಗಳನ್ನು ಗೊತ್ತುಮಾಡಿದರೆ ವೆಚ್ಚ ಹೆಚ್ಚಾದೀತು. ಪ್ರಸಾದದ ಸಿಹಿ ಒಂದು ಕಡಿಮೆಯಾದರೂ ಚಿಂತೆಯಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೋಟಾರು ಸೈಕಲ್ಲಿನ ಹಿಂದೆ ಕುಳಿತವರ ಕಥೆಯೂ ಇದಕ್ಕೆ ಹತ್ತಿರ. ಕಡಿಮೆ ಹಣಕ್ಕೆ ಸಿಗುವ ಬರಿಯ ಥರ್ಡ್ ಪಾರ್ಟಿ ಪಾಲಿಸಿ ಇದ್ದು, ತಪ್ಪು ಸವಾರನದೇ ಆಗಿದ್ದರೆ, ಹಿಂದೆ ಕುಳಿತ ಮಡದಿಗೋ ಗೆಳೆಯನಿಗೋ ಆ ಪಾಲಿಸಿಯಿಂದ ಹಣ ದೊರೆಯುವುದು ಕಷ್ಟ. ಸಮಗ್ರ ಪಾಲಿಸಿಯಲ್ಲಿ ಅವರೂ ಸೇರುತ್ತಾರೆಂದು 2012ರ ತೀರ್ಪಿದೆ. ತನ್ನದೇ ತಪ್ಪಿನಿಂದ ಪೆಟ್ಟು ತಿಂದ ಸವಾರನಿಗಂತೂ ಈ ಮಂಡಳಿಯ ಬಾಗಿಲು ತೆರೆಯುವುದಿಲ್ಲ. ಅಂಥವರಿಗೆ ಉಳಿದಿರುವುದು ಸ್ವಂತ ಅಪಘಾತ ವಿಮೆ: ವಾಹನದ ಮಾಲೀಕ ತಾನೇ ಓಡಿಸುವವನಾದರೆ 15 ಲಕ್ಷ ರೂಪಾಯಿಗಳ ರಕ್ಷಣೆ 2018ರಿಂದ ಇದೆ, ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಮರಣಕ್ಕೆ 2 ಲಕ್ಷ, ಒಂದು ಕಣ್ಣೋ ಕೈಯೋ ಕಾಲೋ ಹೋದರೆ 1 ಲಕ್ಷ ಇದೆ. ಪಾಸುಬುಕ್ಕಿನಲ್ಲಿ ಆ ಇಪ್ಪತ್ತು ರೂಪಾಯಿಯ ಸಾಲನ್ನು ಕಂಡೂ ಕೇಳದೆ ಬಿಟ್ಟ ಮನೆಗಳನ್ನು ನಾವು ಬಲ್ಲೆವು. ಇಂಥ ಸ್ವಂತ ಪಾಲಿಸಿಯ ಹಣವನ್ನು ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಒಂದು ತಿಂಗಳು ಕಾದು, ಆಮೇಲೆ ವಿಮಾ ಒಂಬುಡ್ಸ್‌ಮನ್ನರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಮೂರನೆಯವನ ಪರಿಹಾರಕ್ಕೆ ಮಾತ್ರ ಆ ಬಾಗಿಲಲ್ಲ.

ಮಾರಿದ ಗಾಡಿಯ ಹೆಸರು ಬದಲಿಸದೆ ಬಿಟ್ಟವರು ನಾಳೆಯೇ ಸಾರಿಗೆ ಕಚೇರಿಗೆ ಹೋಗಲಿ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ.

ನಮ್ಮ ಹುಡುಗನ ಅರ್ಜಿ 2025ರ ಆರಂಭದಲ್ಲಿ ತೀರ್ಮಾನವಾಯಿತು. ದುಡಿಮೆಯ ನಷ್ಟವನ್ನು ಮಂಡಳಿ ಶೇಕಡಾ 40 ಎಂದು ಹಿಡಿಯಿತು. ಪೂರ್ಣ ನಷ್ಟವೆಂದು ನಾವು ಕೇಳಿದ್ದೆವು. ಕುಳಿತು ಮಾಡುವ ಬೇರೆ ಕೆಲಸ ಸಾಧ್ಯವೆಂದು ಮಂಡಳಿ ಒಪ್ಪಲಿಲ್ಲ. ಆಸ್ಪತ್ರೆಯ ಆ ಸಾಲಿನ ಬಗ್ಗೆ ತೀರ್ಪಿನಲ್ಲಿ ಒಂದು ಪುಟವೇ ಇದೆ: ಮನೆಯವರು ಭಯದಿಂದ ಹೇಳಿರಬಹುದು, ಉಳಿದ ಸಾಕ್ಷ್ಯ ಅದನ್ನು ಸುಳ್ಳೆಂದು ತೋರಿಸುತ್ತದೆ ಎಂದು. ಆ ಪುಟವನ್ನು ಓದಿ ಹೇಳಿದಾಗ ಹುಡುಗನ ಕಾಕಾ ಎದ್ದು ಹೊರಗೆ ಹೋದ.

ಹಣದಲ್ಲಿ ಅರ್ಧ ಭಾಗ ತನಗೆ ಸಲ್ಲಬೇಕೆಂದು ದೂರದ ಪಟ್ಟಣದಿಂದ ಬಂದಿದ್ದ ಮಧ್ಯಸ್ಥನೊಬ್ಬನನ್ನು ಮೊದಲೇ ಕಳಿಸಿದ್ದೆವು. ಪರಿಹಾರದಲ್ಲಿ ಇಷ್ಟು ಪಾಲೆಂದು ವಕೀಲರು ಕರಾರು ಮಾಡುವುದಕ್ಕೆ ಅವರ ಪರಿಷತ್ತಿನ ನಿಯಮವೇ ಅಡ್ಡಿ. ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಆದಾಯವನ್ನು ನೋಡದೆ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಪರಿಹಾರದ ಹಣ ನೇರವಾಗಿ ಗಾಯಾಳುವಿನ ಬ್ಯಾಂಕ್ ಖಾತೆಗೇ ಜಮೆಯಾಗುವಂತೆ ನೋಡಿಕೊಳ್ಳಬೇಕೆಂದು 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಮಂಡಳಿಗಳಿಗೆ ತಿಳಿಸಿತು. ನಮ್ಮವನಿಗೂ ಒಂದು ಪಾಲು ಖಾತೆಗೆ ಬಂತು, ಉಳಿದದ್ದು ಮುದ್ದತಿನ ಠೇವಣಿಯಲ್ಲಿದೆ.

ಕಂಪನಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹೋಗಿದೆ. ಶೇಕಡಾ 40 ಹೆಚ್ಚಾಯಿತೆಂಬುದು ಅವರ ತಕರಾರು. ಕಡಿಮೆಯಾಯಿತೆಂದು ನಮ್ಮದೂ ಒಂದು ಅರ್ಜಿ ಅದರ ಜೊತೆಗೆ ಸೇರಿದೆ. ಮಗ್ಗದಲ್ಲಿ ಈಗ ಹುಡುಗನ ಹೆಂಡತಿ ಕೂಡುತ್ತಾಳೆ. ಅವನು ಪಕ್ಕದಲ್ಲಿ ಕಾಲು ಚಾಚಿ ಕುಳಿತು ಕಂಡಿಕೆ ಸುತ್ತುತ್ತಾನೆ. ಕಳೆದ ಸಲ ಹೋದಾಗ ನಮ್ಮ ತಂಗಿ ಗೂಟಕ್ಕೆ ತೂಗುಹಾಕಿದ್ದ ಬಟ್ಟೆಯ ಚೀಲವನ್ನು ಇಳಿಸಿ, ಔಷಧದಂಗಡಿಯ ಒಂದು ಚೀಟಿಯನ್ನು ತೋರಿಸಿ ಕೇಳಿದಳು: "ಅಣ್ಣಾ, ಇದು ಹನ್ನೆರಡು ರೂಪಾಯಿದ್ದೈತಿ. ಒಗೀಲ್ಯಾ?" ಹೈಕೋರ್ಟು ಮುಗಿಯುವ ತನಕ ಇರಲಿ ಎಂದೆವು. ಮಡಿಚಿ ಮತ್ತೆ ಚೀಲದೊಳಗೆ ಇಟ್ಟಳು.